ಹತ್ತಕ್ಕೆ ಮೂರು: ಉಟ್ರೆಕ್ಟ್‌ಗೆ ಹೋಗಿ ಬಂದದ್ದು

ಚಾಮರಾಜಪೇಟೆ

ಚಾಮರಾಜಪೇಟೆಯಿಂದ ಮಲ್ಲೇಶ್ವರಕ್ಕೆ ಹೋಗುವ ದಾರಿಯಲ್ಲಿ ಎಲ್ಲೆಲ್ಲಿ ಟಾಯ್ಲೆಟ್ ಇದೆ ಎಂದು ಯಾರಾದರೂ ಕೇಳಿದರೆ ನಾನು ಕಣ್ಣು ಮುಚ್ಚಿ ಹೇಳಬಲ್ಲೆ. ಮೊದಲನೆಯದು ಒಂದು ಬ್ಯಾಂಕು. ಅದರ ಮ್ಯಾನೇಜರ್ ನನ್ನ ಹಳೆಯ ವಿದ್ಯಾರ್ಥಿ. ಎರಡನೆಯದು ಒಂದು ಕಲ್ಯಾಣ ಮಂಟಪ. ಮುಹೂರ್ತದ ದಿನಗಳಲ್ಲಿ ಒಳ್ಳೆಯ ಸೀರೆ ಉಟ್ಟಿದ್ದರೆ ಸಾಕು, ಯಾವ ಕಡೆಯವರು ಎಂದು ಯಾರೂ ಕೇಳುವುದಿಲ್ಲ. ಮೂರನೆಯದು ಶೇಷಾದ್ರಿಪುರದಲ್ಲಿ ನನ್ನ ನಾದಿನಿಯ ಮನೆ. ಅವಳು ಕಾಫಿ ಕುಡಿಸದೆ ಕಳಿಸುವುದಿಲ್ಲ, ಕಾಫಿ ಕುಡಿದರೆ ನಾಲ್ಕನೆಯ ಟಾಯ್ಲೆಟ್ ಬೇಗ ಬೇಕಾಗುತ್ತದೆ. ಹೀಗೆ ಹತ್ತು ವರ್ಷದಿಂದ ಊರು ಸುತ್ತುತ್ತಿದ್ದೇನೆ.

ನನ್ನ ಮೂತ್ರಕೋಶದ ಒಳಗೋಡೆ ಹುಣ್ಣಿನ ಹಾಗೆ ಉರಿಯುತ್ತದೆ. ನಾಲ್ಕು ಚಮಚ ಮೂತ್ರ ತುಂಬಿದರೂ ತಡೆಯಲಾಗದ ನೋವು. ಹೋಗಿ ಬಂದರೆ ಹದಿನೈದು ನಿಮಿಷ ನೆಮ್ಮದಿ, ಮತ್ತೆ ಶುರು. ಇನ್‌ಫೆಕ್ಷನ್ ಎಂದು ಆರು ವರ್ಷ ಮಾತ್ರೆ ನುಂಗಿದೆ. ಟೆಸ್ಟ್ ಮಾಡಿಸಿದಾಗಲೆಲ್ಲ ಮೂತ್ರ ಶುದ್ಧ. ಒಬ್ಬ ಡಾಕ್ಟರು, ರಿಟೈರ್ ಆದವರಿಗೆ ಹೊತ್ತು ಹೋಗದೆ ಹೀಗಾಗುತ್ತದೆ, ದೇವಸ್ಥಾನಕ್ಕೆ ಹೋಗಿ ಬನ್ನಿ ಎಂದರು. ಕೊನೆಗೆ ನಮ್ಮ ಮನೆಗೆ ಹತ್ತಿರದ ಆಸ್ಪತ್ರೆಯಲ್ಲಿ ಡಾಕ್ಟರ್ ಸುಮಾ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು ಕ್ಯಾಮೆರಾ ಹಾಕಿ ನೋಡಿ, "ಇದು ಮನಸ್ಸಿಂದಲ್ಲ ಮೇಡಂ, ಇಲ್ಲಿ ನೋಡಿ, ರಕ್ತ ಜಿನುಗ್ತಿದೆ" ಎಂದು ಪರದೆ ತೋರಿಸಿದಳು. ಅವತ್ತು ನಾನು ಅತ್ತೆ. ಕಾಯಿಲೆ ಇದೆ ಎಂದು ತಿಳಿದು ಸಂತೋಷಕ್ಕೆ ಅತ್ತವಳು ನಾನೊಬ್ಬಳೇ ಇರಬೇಕು.

ಆ ಕಾಯಿಲೆಗೆ ಹೊಸ ಔಷಧವೊಂದರ ಪರೀಕ್ಷೆ ನಡೆಯುತ್ತಿತ್ತು. ಯುರೋಪಿನ ಕೆಲವು ಊರುಗಳು, ಜೊತೆಗೆ ನಮ್ಮ ಬೆಂಗಳೂರು. ತಿಂಗಳಿಗೊಮ್ಮೆ ಸಣ್ಣ ನಳಿಕೆಯಿಂದ ಮೂತ್ರಕೋಶದೊಳಕ್ಕೆ ದ್ರವ ಬಿಡುತ್ತಿದ್ದರು. ಅರ್ಧ ಜನರಿಗೆ ಔಷಧ, ಅರ್ಧ ಜನರಿಗೆ ಬರೀ ಉಪ್ಪುನೀರು; ಯಾರಿಗೆ ಯಾವುದು ಎಂದು ಡಾಕ್ಟರಿಗೂ ಗೊತ್ತಿರಲಿಲ್ಲ. ನಮ್ಮ ಕೆಲಸ ಒಂದೇ. ಕೊಟ್ಟ ಡೈರಿಯಲ್ಲಿ ದಿನಾ ಎಷ್ಟು ಸಲ ಹೋದೆವು, ನೋವು ಸೊನ್ನೆಯಿಂದ ಹತ್ತರವರೆಗೆ ಎಷ್ಟು ಎಂದು ಬರೆಯಬೇಕು.

ಡೈರಿಯ ಕನ್ನಡವನ್ನು ಯಾರು ಬರೆದಿದ್ದರೋ, "ವೇದನೆಯ ತೀವ್ರತೆಯನ್ನು ಅಂಕೀಕರಿಸಿ" ಎಂದಿತ್ತು. ಹೆಂಗಸರೆಲ್ಲ ಕಾರಿಡಾರಿನ ಬೆಂಚಿನ ಮೇಲೆ ಮುಖ ಮುಖ ನೋಡಿಕೊಳ್ಳುತ್ತಿದ್ದರು. ನಾನು ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಸುಮ್ಮನೆ ಕೂರಲು ಆಗುತ್ತದೆಯೇ? ಮೊದಲ ಡೋಸಿಗೂ ಮುಂಚೆಯೇ ಅವರಿಗೆಲ್ಲ ಪಾಠ ಮಾಡಿದೆ.

ಪಕ್ಕದಲ್ಲಿ ಕೂತಿದ್ದವಳು ಓಕಳಿಪುರದ ರೇಣುಕಾ. ಸಿಟಿ ಬಸ್ಸಿನ ಕಂಡಕ್ಟರ್, ಮೂವತ್ತೈದರ ಆಸುಪಾಸು, ಇಬ್ಬರು ಹೆಣ್ಣುಮಕ್ಕಳು, ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಒಂದು ಟ್ರಿಪ್ಪಿಗೆ ಮೂರು ಸಲ ಬಸ್ಸು ನಿಲ್ಲಿಸಿ ಪೆಟ್ರೋಲ್ ಬಂಕಿಗೆ ಓಡುತ್ತಿದ್ದಳು. ಪ್ಯಾಸೆಂಜರುಗಳು ಬಯ್ಯುತ್ತಿದ್ದರು, ಕಂಪ್ಲೇಂಟ್ ಹೋಗಿತ್ತು, ಡಿಪೋದವರು ಇನ್ನೊಂದು ಸಲ ಹೀಗಾದರೆ ಕೆಲಸ ಬಿಡು ಎಂದಿದ್ದರು.

"ಮಿಸ್, ನಂದು ಎಂಟು ಅಂತ ಬರೀಲಾ?" ಎಂದಳು.

"ಎಂಟಾ? ಹತ್ತು ಅಂದ್ರೆ ಹೆರಿಗೆ ನೋವು ಅಂತ ಇಟ್ಕೋ. ಇವತ್ತು ಇಲ್ಲೀವರೆಗೂ ಹೆಂಗ್ ಬಂದೆ?"

"ಬಸ್ಸಲ್ಲೇ. ನಿಂತ್ಕೊಂಡೇ ಬಂದೆ."

"ಎಂಟು ನೋವಿದ್ರೆ ನಿಂತ್ಕೊಳಕ್ಕಾಗ್ತಿತ್ತಾ? ಯೋಚನೆ ಮಾಡು. ಮೂರು ಬರಿ."

ಅವಳು ಎಂಟು ಹೊಡೆದುಹಾಕಿ ಮೂರು ಬರೆದಳು. ಬೆಂಚಿನ ಮೇಲಿದ್ದ ಉಳಿದವರೂ ತಮ್ಮ ತಮ್ಮ ಅಂಕಿ ತಿದ್ದಿಕೊಂಡರು. ಮಾರ್ಕ್ಸ್ ಕೊಡುವುದರಲ್ಲಿ ನಾನು ಮೊದಲಿನಿಂದಲೂ ಕೈ ಬಿಗಿ. ಹತ್ತಕ್ಕೆ ಹತ್ತು ಯಾರಿಗೂ ಕೊಟ್ಟವಳಲ್ಲ, ಒಂಬತ್ತು ಕೊಟ್ಟದ್ದು ಎರಡೇ ಸಲ. ನಮ್ಮ ಡೈರಿಗಳು ಎಷ್ಟು ಅಚ್ಚುಕಟ್ಟಾಗಿದ್ದವು ಎಂದರೆ, ಪರೀಕ್ಷೆಯ ಕೊನೆಯ ಸಭೆಗೆ ರೋಗಿಗಳ ಪರವಾಗಿ ನೆದರ್‌ಲ್ಯಾಂಡ್ಸಿನ ಉಟ್ರೆಕ್ಟ್‌ಗೆ ನನ್ನನ್ನೇ ಕಳಿಸಲು ಡಾಕ್ಟರ್ ಸುಮಾ ನಿರ್ಧರಿಸಿದಳು.

ಆ ಒಂದು ವರ್ಷದಲ್ಲಿ ನನಗೇನೂ ವಾಸಿಯಾಗಲಿಲ್ಲ; ನನ್ನದು ಉಪ್ಪುನೀರೇ ಇರಬೇಕು ಎಂದು ನಾನೇ ಲೆಕ್ಕ ಹಾಕಿಕೊಂಡಿದ್ದೆ. ರೇಣುಕಾ ಮಾತ್ರ ಬೇರೆಯೇ ಹೆಂಗಸಾಗಿದ್ದಳು. ಹೊರಡುವ ಹಿಂದಿನ ದಿನ ಮನೆಗೆ ಬಂದು ಒಂದು ಬಸ್ ಟಿಕೆಟ್ ಕೊಟ್ಟಳು. ಮೆಜೆಸ್ಟಿಕ್‌ನಿಂದ ಬನಶಂಕರಿಗೆ, ಹೆಂಗಸರ ಉಚಿತ ಟಿಕೆಟ್, ಯಾರೋ ಸೀಟಿನ ಮೇಲೆ ಬಿಟ್ಟು ಹೋದದ್ದು.

"ಫಸ್ಟ್ ಟೈಮ್ ಎಲ್ಲೂ ಇಳೀದೆ ಫುಲ್ ಟ್ರಿಪ್ ಮಾಡಿದ್ನಲ್ಲ ಮಿಸ್, ಅವತ್ತಿಂದು. ಅಲ್ಲಿ ದೊಡ್ಡ ಡಾಕ್ಟ್ರಿಗೆ ತೋರ್ಸಿ. ಔಷಧಿ ನಿಲ್ಲಿಸ್ಬೇಡಿ ಅಂತ ಹೇಳಿ. ರಿಸಲ್ಟ್ ಬರೋವರ್ಗೂ ಕೊಡ್ತೀವಿ ಅಂದವ್ರೆ, ಆಮೇಲೆ ಏನೋ ಗೊತ್ತಿಲ್ಲ."

"ಹೇಳ್ತೀನಿ. ಅದಕ್ಕೇ ಹೋಗ್ತಿರೋದು" ಎಂದೆ. ಎಷ್ಟು ಜಂಬದಿಂದ ಎಂದೆನೆಂದರೆ, ಈಗ ನೆನೆಸಿಕೊಂಡರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ವಿಮಾನ

ನೋವು ಬಂದಾಗ ಹೊಟ್ಟೆಯ ಮೇಲಿಟ್ಟುಕೊಳ್ಳಲು ರಬ್ಬರಿನ ಬಿಸಿನೀರಿನ ಚೀಲವೊಂದು ಸದಾ ನನ್ನ ಬಳಿ ಇರುತ್ತದೆ. ಅದರಲ್ಲಿ ಬೆಳಗಿನ ನೀರು ಉಳಿದಿದ್ದದ್ದು ನನಗೆ ಮರೆತೇ ಹೋಗಿತ್ತು. ವಿಮಾನ ನಿಲ್ದಾಣದ ಸೆಕ್ಯೂರಿಟಿಯವನು ಅದನ್ನು ಹೊರಗೆಳೆದು, ಮೀನು ಹಿಡಿದವನ ಹಾಗೆ ಬಾಲ ಹಿಡಿದು ಎತ್ತಿದ. ಹಿಂದೆ ಸಾಲಿನಲ್ಲಿದ್ದವರೆಲ್ಲ ನೋಡಿದರು. ಇದೇನು ಎಂದು ಹಿಂದಿಯಲ್ಲಿ ಮೂರು ಸಲ ಕೇಳಿದ. ಹೊಟ್ಟೆನೋವಿಗೆ ಎಂದು ನಾನು ಕನ್ನಡದಲ್ಲಿ ಮೂರು ಸಲ ಹೇಳಿದೆ. ಜೊತೆಗೆ ಹೊರಟಿದ್ದ ಡಾಕ್ಟರ್ ಸುಮಾ ಬಂದು ಬಿಡಿಸಿದಳು.

ವಿಮಾನದಲ್ಲಿ ಟಾಯ್ಲೆಟ್ಟಿನ ಪಕ್ಕದ ಸೀಟು ಕೇಳಿ ಹಾಕಿಸಿಕೊಂಡಿದ್ದೆವು. ಆ ಜಾಣತನದ ಫಲವಾಗಿ ವಿಮಾನದ ಅರ್ಧ ಜನ ನನ್ನ ಭುಜಕ್ಕೆ ಒರಗಿಕೊಂಡೇ ಕ್ಯೂ ನಿಂತರು. ಬೆಲ್ಟ್ ಹಾಕಿಕೊಳ್ಳಿ ಎಂಬ ದೀಪ ಹತ್ತಿದ ಹೊತ್ತಿಗೇ ನನಗೆ ಅವಸರ. ಎದ್ದೆ, ಗಗನಸಖಿ ಕೂರಿಸಿದಳು. ಮತ್ತೆ ಎದ್ದೆ, ಮತ್ತೆ ಕೂರಿಸಿದಳು. ಕಣ್ಣಲ್ಲಿ ನೀರು ಬಂತು. "ಜಾಸ್ತಿ ಇದೆಯಾ ಮೇಡಂ?" ಎಂದಳು ಸುಮಾ. "ಪರವಾಗಿಲ್ಲ" ಎಂದೆ. ಅವತ್ತಿನ ಡೈರಿ ಇದ್ದಿದ್ದರೆ ನಾಲ್ಕು ಬರೆಯುತ್ತಿದ್ದೆ.

ಉಟ್ರೆಕ್ಟ್, ಮೊದಲ ದಿನ

ಸ್ಟೇಷನ್ನಿನ ಟಾಯ್ಲೆಟ್ಟಿಗೆ ಮೆಟ್ರೋದಂತೆ ಗೇಟು. ಕಾರ್ಡ್ ತೋರಿಸಿದರೆ ತೆರೆಯುತ್ತದೆ. ನನ್ನ ಕಾರ್ಡಿಗೆ ತೆರೆಯಲಿಲ್ಲ. ಹಿಂದಿದ್ದ ಎತ್ತರದ ಹುಡುಗಿಯೊಬ್ಬಳು ತನ್ನ ಕಾರ್ಡ್ ತೋರಿಸಿ ನನ್ನನ್ನು ಒಳಗೆ ತಳ್ಳಿದಳು. ಥ್ಯಾಂಕ್ಸ್ ಹೇಳಲೂ ಪುರುಸೊತ್ತಿರಲಿಲ್ಲ. ಸ್ವಚ್ಛತೆಗೆ ಹತ್ತಕ್ಕೆ ಏಳು ಕೊಟ್ಟೆ. ಚೊಂಬಿಲ್ಲ, ನಲ್ಲಿಯಿಲ್ಲ, ಅದಕ್ಕೆ ಒಂದು ಮಾರ್ಕ್ಸ್ ಕಡಿತ.

ನಾನು ಉಳಿದುಕೊಂಡದ್ದು ಮಾರ್ಯಾನ್ ಎಂಬವಳ ಮನೆಯಲ್ಲಿ. ಅವಳೂ ನನ್ನಂತೆಯೇ ರೋಗಿ, ಅಲ್ಲಿನ ರೋಗಿಗಳ ಪ್ರತಿನಿಧಿ. ನನಗಿಂತ ಎರಡು ವರ್ಷ ದೊಡ್ಡವಳು. ಕಾಲುವೆಯ ಪಕ್ಕದ ಕಿರಿದಾದ ಮನೆ, ಅಟ್ಟಕ್ಕೆ ಹತ್ತುವ ಏಣಿಯಷ್ಟು ಕಡಿದಾದ ಮೆಟ್ಟಿಲು. ಕಾಫಿಯ ಜೊತೆ ಡಬ್ಬಿ ತೆರೆದು ಒಂದು ಬಿಸ್ಕತ್ತು ಕೊಟ್ಟು, ಡಬ್ಬಿ ಮುಚ್ಚಿ ಎತ್ತಿಟ್ಟಳು. ಇನ್ನೊಂದು ತೆಗೆದುಕೊಳ್ಳಿ ಎಂಬ ಮಾತೇ ಇಲ್ಲ. ನನ್ನ ನಾದಿನಿ ನೋಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದಳು.

ಆ ಮನೆಯ ಟಾಯ್ಲೆಟ್ಟಿನಲ್ಲಿ ಒಂದು ಕ್ಯಾಲೆಂಡರ್ ತೂಗುತ್ತಿತ್ತು. ಅದರಲ್ಲಿ ವಾರಗಳಿಲ್ಲ, ವರ್ಷವಿಲ್ಲ, ತಾರೀಕಿನ ಮುಂದೆ ಬರೀ ಹೆಸರುಗಳು. ನೆಂಟರಿಷ್ಟರ ಹುಟ್ಟುಹಬ್ಬವಂತೆ, ಆ ದೇಶದಲ್ಲಿ ಎಲ್ಲರ ಮನೆಯಲ್ಲೂ ಅದು ಟಾಯ್ಲೆಟ್ಟಿನಲ್ಲೇ ಇರುತ್ತದಂತೆ. ನಮ್ಮಲ್ಲಿ ಹೀಗೆ ಮಾಡಿದರೆ ಅತ್ತೆ ಮನೆಯವರು ಜನ್ಮದಲ್ಲಿ ಮಾತನಾಡಿಸುವುದಿಲ್ಲ. "ದಿನಕ್ಕೆ ಮೂವತ್ತು ಸಲ ಹೋಗ್ತೀನಿ. ಇಡೀ ಊರಿನಲ್ಲಿ ಯಾರ ಹುಟ್ಟುಹಬ್ಬವನ್ನೂ ಮರೆಯದೇ ಇರೋಳು ನಾನೊಬ್ಬಳೇ" ಎಂದಳು ಮಾರ್ಯಾನ್. ನನ್ನ ಜನ್ಮದಿನ ಕೇಳಿ, ನವೆಂಬರಿನ ಪುಟದಲ್ಲಿ ನನ್ನ ಹೆಸರನ್ನೂ ಬರೆದಳು. ಇಬ್ಬರೂ ನಕ್ಕೆವು. ಆ ಪ್ರವಾಸದಲ್ಲಿ ನಾನು ಮನಸ್ಸು ಬಿಚ್ಚಿ ನಕ್ಕದ್ದು ಅದೊಂದೇ ಸಲ.

ಮಧ್ಯಾಹ್ನ ಅವಳು ತನ್ನ ಡೈರಿ ತೋರಿಸಿದಳು. ಒಂಬತ್ತು, ಒಂಬತ್ತು, ಎಂಟು, ಒಂಬತ್ತು, ಹತ್ತು. ನಾಲ್ಕೈದು ತಿಂಗಳ ಚಿಕಿತ್ಸೆ ಆದ ಮೇಲೆ ಐದು, ನಾಲ್ಕು.

"ಈ ಹತ್ತು ಬರೆದ ದಿನ ಏನು ಮಾಡಿದ್ರಿ?" ಎಂದು ಕೇಳಿದೆ.

"ಬ್ರೆಡ್ ತರೋದಕ್ಕೆ ಹೋಗಿದ್ದೆ. ದಾರಿಯೆಲ್ಲ ನೋವು."

ಹತ್ತು ನೋವಿರುವವಳು ಬ್ರೆಡ್ ತರಲು ಹೋಗುತ್ತಾಳೆಯೇ! ಎಂಥ ಧಾರಾಳಿಗಳಪ್ಪ ಇವರು ಎಂದುಕೊಂಡೆ. ನಮ್ಮ ರೇಣುಕಾ ನೆನಪಾದಳು. ಎರಡು ಹೆತ್ತು, ತುಂಬಿದ ಬಸ್ಸಿನಲ್ಲಿ ಚೀಲ ನೇತುಹಾಕಿಕೊಂಡು, ಮೂರು ಎಂದು ಬರೆದ ಹೆಂಗಸು. ನಮ್ಮವರ ಗಟ್ಟಿತನಕ್ಕೆ ನನಗೆ ಹೆಮ್ಮೆಯೇ ಆಯಿತು. ಆ ಹೆಮ್ಮೆಯಲ್ಲಿಯೇ ಮಲಗಿದೆ.

ಎರಡನೆಯ ದಿನ, ಸಭೆ

ಮುಖ್ಯ ವೈದ್ಯರು ಬೆಳ್ಳಿಗಡ್ಡದ ಎತ್ತರದ ಮನುಷ್ಯ. ಮಾತು ಮೆಲ್ಲಗೆ. ನಮ್ಮ ಕಡೆಯ ಸಭೆಗಳ ಹಾಗೆ ಸ್ವಾಗತ, ಹಾರ, ಪ್ರಾಸ್ತಾವಿಕ ಏನೂ ಇಲ್ಲ. ನಿಂತರು, ಫಲಿತಾಂಶ ಒಳ್ಳೆಯದಾಗಿಲ್ಲ ಎಂದರು, ಪರದೆಯ ಮೇಲೆ ನಕ್ಷೆ ಹಾಕಿದರು.

ಅವರ ಇಂಗ್ಲಿಷು ನನಗೆ ಅರ್ಧ ಅರ್ಥವಾಗುತ್ತಿತ್ತು. ನಕ್ಷೆ ಓದಲು ಇಂಗ್ಲಿಷು ಬೇಕಾಗಿಲ್ಲ. ಔಷಧ ಪಡೆದವರ ನೋವು, ಊರಿಗೊಂದು ಗೆರೆ. ಎಲ್ಲ ಊರಿನ ಗೆರೆಗಳೂ ಮೇಲಿನಿಂದ ಶುರುವಾಗಿ ಇಳಿಜಾರಿನಲ್ಲಿ ಕೆಳಗೆ ಬಂದಿದ್ದವು. ಒಂದು ಗೆರೆ ಮಾತ್ರ ಮೂರರ ಹತ್ತಿರ ಹುಟ್ಟಿ, ಎರಡರ ಹತ್ತಿರ ಕೊನೆಯಾಗಿತ್ತು. ಇಳಿಯಲು ಅದಕ್ಕೆ ಜಾಗವೇ ಇರಲಿಲ್ಲ. ಎಲ್ಲ ಊರುಗಳಿಗಿಂತ ಹೆಚ್ಚು ರೋಗಿಗಳಿದ್ದದ್ದು ಆ ಗೆರೆಯಲ್ಲಿ. ಸರಾಸರಿ ತೆಗೆಯುವುದನ್ನು ಮೂವತ್ತನಾಲ್ಕು ವರ್ಷ ಕಲಿಸಿದವಳಿಗೆ ಮುಂದಿನದನ್ನು ಯಾರೂ ಹೇಳಬೇಕಾಗಿರಲಿಲ್ಲ. ಎಲ್ಲವನ್ನೂ ಸೇರಿಸಿದಾಗ ಔಷಧಕ್ಕೂ ಉಪ್ಪುನೀರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ.

"ಬೆಂಗಳೂರಿನ ರೋಗಿಗಳಿಗೆ ಕಾಯಿಲೆ ಸೌಮ್ಯವಾಗಿತ್ತು ಎಂದು ತೋರುತ್ತದೆ" ಎಂದರು ವೈದ್ಯರು.

ಸುಮಾ ನನ್ನ ಕಿವಿಯಲ್ಲಿ, "ಅದು ಹೇಗೆ ಮೇಡಂ? ಕ್ಯಾಮೆರಾದಲ್ಲಿ ನಾನೇ ನೋಡಿದೀನಿ. ಎಲ್ಲರಿಗಿಂತ ನಮ್ಮವರ್ದೇ ಕೆಟ್ಟದಾಗಿತ್ತು" ಎಂದಳು.

ನನಗೆ ಬೆಂಚು ಕಂಡಿತು. ರೇಣುಕಾ ಎಂಟನ್ನು ಹೊಡೆದುಹಾಕಿದ್ದು ಕಂಡಿತು. ಎದ್ದು ನಿಂತೆ. ಕೈ ಎತ್ತಬೇಕೆಂಬುದೂ ತೋಚಲಿಲ್ಲ.

ನನ್ನ ಮುರುಕು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದೆ. ಆ ಹೆಂಗಸರಿಗೆ ಅಂಕಿ ಬರೆಯಲು ಕಲಿಸಿದವಳು ನಾನು. ಹತ್ತು ಎಂದರೆ ಹೆರಿಗೆ ನೋವು ಎಂದೆ. ನಿಂತುಕೊಳ್ಳಲು ಆಗುವುದಾದರೆ ಮೂರು ಎಂದೆ. ಅವರು ಸುಳ್ಳು ಬರೆದಿಲ್ಲ, ನಾನು ಅಳತೆಗೋಲನ್ನೇ ಬದಲಿಸಿದೆ. ತಿದ್ದಲು ಅವಕಾಶ ಕೊಡಿ. ನಾನು ಹೋಗಿ ಒಬ್ಬೊಬ್ಬರನ್ನೇ ಕೇಳಿ ನಿಜವಾದ ಅಂಕಿ ತರುತ್ತೇನೆ. ಒಬ್ಬಳದ್ದು ಎಂಟು ಎಂದು ನನಗೆ ಈಗಲೇ ಗೊತ್ತು.

ವೈದ್ಯರು ವೇದಿಕೆ ಇಳಿದು ನನ್ನ ಬಳಿಗೇ ಬಂದರು.

"ನೀವು ಶಿಕ್ಷಕಿ ಎಂದು ಕೇಳಿದ್ದೇನೆ. ಫಲಿತಾಂಶ ಹೊರಬಿದ್ದ ಮೇಲೆ ವಿದ್ಯಾರ್ಥಿಯೊಬ್ಬ ತನ್ನ ಉತ್ತರ ತಿದ್ದುತ್ತೇನೆ ಎಂದರೆ ಒಪ್ಪುತ್ತೀರಾ?"

ಒಪ್ಪುತ್ತಿರಲಿಲ್ಲ. ಎಷ್ಟೋ ಮಕ್ಕಳ ತಂದೆ ತಾಯಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಬೇಡಿಕೊಂಡಾಗಲೂ ಒಪ್ಪಿದವಳಲ್ಲ. ತಲೆ ತಗ್ಗಿಸಿದೆ.

"ಆದರೆ ಔಷಧ ಕೆಲಸ ಮಾಡುತ್ತಿತ್ತು ತಾನೇ?" ಎಂದೆ.

"ಇರಬಹುದು. ನಿಮ್ಮ ಅಂಕಿಗಳು ಸರಿಯಾಗಿದ್ದಿದ್ದರೂ ಸೋಲುತ್ತಿತ್ತೋ ಏನೋ. ಅದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಔಷಧ ತಯಾರಿಸುವವರು ನಿಲ್ಲಿಸಲು ತೀರ್ಮಾನಿಸಿದ್ದಾರೆ. ನೀವು ಹೇಳಿದ್ದನ್ನು ವರದಿಯಲ್ಲಿ ಬರೆಯುತ್ತೇವೆ."

ಪರ್ಸಿನಿಂದ ರೇಣುಕಾಳ ಟಿಕೆಟ್ ತೆಗೆದು ಅವರ ಕೈಗೆ ಕೊಟ್ಟೆ. ಮೆಜೆಸ್ಟಿಕ್ ಎಂದರೆ ಏನು, ಬನಶಂಕರಿ ಎಷ್ಟು ದೂರ, ಆ ರಸ್ತೆಯಲ್ಲಿ ಎಷ್ಟು ಟ್ರಾಫಿಕ್ಕು, ನಡುವೆ ಎಲ್ಲೂ ಇಳಿಯದೆ ಹೋಗುವುದು ಎಂದರೆ ಆ ಹೆಂಗಸಿಗೆ ಏನು ಎಂದು ಹೇಳಲು ಹೋದೆ, ಮೆಜೆಸ್ಟಿಕ್ ದಾಟುವಷ್ಟರಲ್ಲೇ ನನ್ನ ಇಂಗ್ಲಿಷು ಮುಗಿಯಿತು. ಅವರು ಕನ್ನಡಕ ಸರಿಮಾಡಿಕೊಂಡು, ತಮಗೆ ಒಂದಕ್ಷರವೂ ಬಾರದ ಆ ಚೀಟಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎರಡೂ ಕೈಯಲ್ಲಿ ಹಿಡಿದು ನನಗೇ ವಾಪಸು ಕೊಟ್ಟರು.

ಮಾರ್ಯಾನ್ ಮನೆ

ಮಾರ್ಯಾನ್ ದಾರಿಯುದ್ದಕ್ಕೂ ಅಳುತ್ತಾ ಬಂದಳು. ಮುಖ ಮುಚ್ಚಿಕೊಳ್ಳಲಿಲ್ಲ, ಕಣ್ಣೊರೆಸಿಕೊಳ್ಳಲಿಲ್ಲ. ಎದುರಿಗೆ ಬಂದವರಿಗೆಲ್ಲ ಅದು ಕಾಣುತ್ತಿತ್ತು. ಮನೆಗೆ ಬಂದು ಸೂಪಿನ ಬಟ್ಟಲನ್ನು ನನ್ನ ಮುಂದಿಟ್ಟು ಹೇಳಿದಳು, "ನನಗೆ ನಿಮ್ಮ ಮೇಲೆ ಕೋಪ ಬಂದಿದೆ. ನಾಳೆ ಕಡಿಮೆಯಾಗಬಹುದು. ಇವತ್ತು ಇದೆ."

ನಮ್ಮ ಕಡೆ ಇಂಥ ಮಾತನ್ನು ಯಾರೂ ಎದುರಿಗೆ ಆಡುವುದಿಲ್ಲ. ಹಿಂದೆ ಆಡಿಕೊಳ್ಳುತ್ತಾರೆ, ಎದುರಿಗೆ ಪರವಾಗಿಲ್ಲ ಬಿಡಿ ಎನ್ನುತ್ತಾರೆ. ಅವಳು ಪರವಾಗಿಲ್ಲ ಎಂದಿದ್ದರೆ ನಾನು ಆ ಸೂಪು ಕುಡಿಯುತ್ತಿರಲಿಲ್ಲ. ಬಯ್ಯಿಸಿಕೊಂಡೆ, ಕುಡಿದೆ.

"ಯಾಕೆ ಹಾಗೆ ಹೇಳಿಕೊಟ್ರಿ?" ಎಂದು ಕೇಳಿದಳು.

"ನಾನು ಹತ್ತಕ್ಕೆ ಹತ್ತು ಯಾರಿಗೂ ಕೊಟ್ಟಿಲ್ಲ."

"ನಮ್ಮ ಶಾಲೆಯಲ್ಲೂ ಕೊಡ್ತಿರಲಿಲ್ಲ. ಆದರೆ ಇದು ಪರೀಕ್ಷೆ ಅಲ್ಲವಲ್ಲ. ನೋವಿಗೆ ಯಾಕೆ ಕಡಿಮೆ ಕೊಟ್ರಿ?"

ನಮ್ಮ ಅಮ್ಮ ಪೇಟೆಯ ಅಂಗಡಿ ಮನೆಯಲ್ಲಿ ಹದಿನಾರು ಜನಕ್ಕೆ ಅಡಿಗೆ ಮಾಡಿಕೊಂಡು, ಸೊಂಟ ಬಗ್ಗಿಹೋಗಿದ್ದರೂ, ಹೇಗಿದೀಯಾ ಎಂದವರಿಗೆ ಚೆನ್ನಾಗಿದೀನಿ ಎನ್ನುತ್ತಿದ್ದಳು. ನೋವು ಎಂದು ಬಾಯಿ ಬಿಟ್ಟ ಹೆಂಗಸನ್ನು ಕೆಲಸಗಳ್ಳಿ ಎನ್ನುತ್ತಿದ್ದರು. ನಾನು ಶಾಲೆಗೆ ಹೋಗಿ, ಬಿ.ಎಡ್. ಮಾಡಿ, ಕೊನೆಗೆ ಅದನ್ನೇ ಅಂಕಿಯಲ್ಲಿ ಕಲಿಸಿದೆ. ಇದನ್ನು ಇಂಗ್ಲಿಷಿನಲ್ಲಿ ಹೇಳುವಷ್ಟು ಶಕ್ತಿ ನನಗಿರಲಿಲ್ಲ.

ಟಾಯ್ಲೆಟ್ಟಿನಲ್ಲಿ ಕೂತಾಗ ಕ್ಯಾಲೆಂಡರ್ ಎದುರಿಗಿತ್ತು. ನನ್ನ ಹೆಸರನ್ನು ಹೊಡೆದುಹಾಕುತ್ತಾಳೆ ಎಂದುಕೊಂಡೆ. ಬೆಳಿಗ್ಗೆ ಹೊರಡುವ ಮುನ್ನ ನವೆಂಬರ್ ತಿರುಗಿಸಿ ನೋಡಿದೆ, ಹಾಗೆಯೇ ಇತ್ತು. ಅದರಿಂದ ಸಮಾಧಾನವೇನೂ ಆಗಲಿಲ್ಲ. ಕಾಲುವೆ, ಹೂವಿನ ಅಂಗಡಿ, ಹಳೆಯ ಗೋಪುರ ಎಲ್ಲದರ ಮುಂದೆಯೂ ಹಾದು ಸ್ಟೇಷನ್ನಿಗೆ ನಡೆದೆ, ಯಾವುದಕ್ಕೂ ಮಾರ್ಕ್ಸ್ ಕೊಡಲಿಲ್ಲ.

ಮತ್ತೆ ಚಾಮರಾಜಪೇಟೆ

ಬಂದ ಮೂರು ದಿನ ರೇಣುಕಾಳ ಫೋನ್ ಎತ್ತಲಿಲ್ಲ. ನಾಲ್ಕನೆಯ ದಿನ, ಅವಳ ಬಸ್ಸು ಬರುವ ಹೊತ್ತು ಗೊತ್ತಿತ್ತು, ನಮ್ಮ ಸ್ಟಾಪಿನಲ್ಲಿ ನಿಂತೆ. ಮಧ್ಯಾಹ್ನದ ಟ್ರಿಪ್ಪು, ಜನ ಕಡಿಮೆ. ನನ್ನನ್ನು ಕಂಡು ಅವಳ ಮುಖ ಅರಳಿತು. ಹಿಂದಿನ ಬಾಗಿಲ ಬಳಿಯ ಸೀಟು ತೋರಿಸಿದಳು. ತಾನು ಕೂರಲಿಲ್ಲ. ಕಂಬ ಹಿಡಿದು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು. ಕೊನೆಯ ಡೋಸ್ ಆಗಿ ಐದು ವಾರ ದಾಟಿತ್ತು. ಮೇಲಿನ ತುಟಿಯ ಮೇಲೆ ಬೆವರಿತ್ತು.

"ಏನಂದ್ರು ಮಿಸ್? ಟಿಕೆಟ್ ತೋರಿಸಿದ್ರಾ?"

"ತೋರಿಸಿದೆ. ಔಷಧಿ ನಿಲ್ಲಿಸ್ತಾರಂತೆ ರೇಣುಕಾ. ಇನ್ನು ಎಲ್ಲೂ ಸಿಗಲ್ಲ."

ಟಿಕೆಟ್ ಮೆಷೀನಿನ ಗುಂಡಿಯ ಮೇಲೆ ಅವಳ ಬೆರಳು ಹಾಗೆಯೇ ನಿಂತಿತ್ತು.

"ತಪ್ಪು ನನ್ನದು" ಎಂದೆ. "ನೀನು ಎಂಟು ಬರೀತೀನಿ ಅಂದೆ. ನಾನು ಮೂರು ಬರೆಸಿದೆ. ಎಲ್ಲರ ಕೈಲೂ ಬರೆಸಿದೆ. ಅವರು ಅದನ್ನ ನೋಡಿ, ಇವರಿಗೆ ಕಾಯಿಲೆನೇ ಜಾಸ್ತಿ ಇರಲಿಲ್ಲ ಅಂದುಕೊಂಡ್ರು. ನೀನು ವಾಸಿಯಾಗಿದ್ದು ಅವರ ಲೆಕ್ಕಕ್ಕೆ ಬರಲೇ ಇಲ್ಲ."

ಬಯ್ಯಲಿ ಎಂದು ಕಾದೆ. ಇಷ್ಟು ಪ್ಯಾಸೆಂಜರುಗಳ ಎದುರಿಗೆ ನನ್ನ ಮಾನ ಕಳೆಯಲಿ ಎಂದು ನಿಜವಾಗಿಯೂ ಕಾದೆ.

"ನೀವ್ ಬೇಕು ಅಂತ ಮಾಡಿದ್ರಾ ಮಿಸ್? ಪರವಾಗಿಲ್ಲ ಬಿಡಿ."

"ಪರವಾಗಿಲ್ಲ ಅನ್ಬೇಡ!" ಎಂದು ಕೂಗಿಯೇಬಿಟ್ಟೆ. ಮುಂದಿನ ಸೀಟಿನವರು ತಿರುಗಿ ನೋಡಿದರು. "ಈಗ ನೋವಿದೆ ತಾನೇ? ನಿಜ ಹೇಳು. ಹತ್ತಕ್ಕೆ ಎಷ್ಟು?"

ರೇಣುಕಾ ನನ್ನ ಮುಖವನ್ನೇ ನೋಡಿದಳು. ಕಂಬವನ್ನು ಹಿಡಿದಿದ್ದ ಅವಳ ಕೈಯ ಗೆಣ್ಣುಗಳು ಬಿಳಿಚಿಕೊಂಡಿದ್ದವು. ತರಗತಿಯಲ್ಲಿ ಕಷ್ಟದ ಪ್ರಶ್ನೆ ಕೇಳಿದಾಗ, ಮಿಸ್ಸಿಗೆ ಯಾವ ಉತ್ತರ ಬೇಕಿದೆ ಎಂದು ಹುಡುಕುವ ಮಕ್ಕಳ ಕಣ್ಣು ಹೀಗೆಯೇ ಇರುತ್ತಿತ್ತು.

"ಮೂರು, ಮಿಸ್" ಎಂದಳು. ಆಮೇಲೆ ಬಾಗಿಲ ಕಡೆ ತಿರುಗಿ, ಡ್ರೈವರಿಗೆ ರೈಟ್ ಹೇಳಿದಳು.